ಹನ್ನೆರಡೂವರೆ ಸುತ್ತು

ದುರ್ಗದ ಹಳೇ ಪೇಟೆಯನ್ನು ನಾನು ಮೊದಲು ನೋಡಿದ್ದು
ಬಗ್ಗಿ.
ಬೀದಿ ನಡುವಿನ ಕಬ್ಬಿಣದ ಮುಚ್ಚಳ ಎತ್ತಿ,
ಬ್ಯಾಟರಿ ಬೆಳಕು ಬಿಟ್ಟು,
ಒಳಗೆ ಕೂತ ಕಪ್ಪೆಯ ಕಣ್ಣು ತಪ್ಪಿಸಿ.

ಬೆಳಗಿನ ನಾಲ್ಕು. ದಾದಾಪೀರ್ ಮುಂದೆ, ನಾನು ಹಿಂದೆ.
ಅವರ ಹೆಗಲ ಮೇಲೆ ಎದೆಯುದ್ದದ ವಾಲ್ವ್ ಕೀಲಿ,
ನನ್ನ ಹೆಗಲ ಮೇಲೆ ಅವರ ಮಾತು:
"ಬರ್ಕೋಬ್ಯಾಡ, ಶಾಯಿ ನೀರಿಗೆ ನಿಲ್ಲಾಕಿಲ್ಲ.
ಎಣಿಸು."

ಚಿಕ್ಕಪೇಟೆ ಏಳು.
ಬುರುಜನಹಟ್ಟಿ ಒಂಬತ್ತು, ಏರು ಐತೆ, ನಿಧಾನ.
ಆನೆಬಾಗಿಲ ಹತ್ರ ಐದೇ ಐದು,
ಆರನೇದಕ್ಕೆ ಬೀಡಾ ಅಂಗಡಿ ಮುಂದೆ ಕಾರಂಜಿ.
ದೊಡ್ಡಪೇಟೆ ಹನ್ನೆರಡೂವರೆ.

"ಆ ಅರ್ಧ ಯಾಕೆ ಸಾಬ್ರೇ?"
"ನಂಗೇನ್ ಗೊತ್ತು. ಕಾಟಯ್ಯ ಹೇಳಿದ್ದ.
ಕಾಟಯ್ಯಂಗೆ ಯಾರು ಹೇಳಿದ್ರೋ."

ಆಮೇಲೆ ಸರಳಿನ ಒಂದು ತುದಿ ಪೈಪಿಗೆ, ಇನ್ನೊಂದು ಕಿವಿಗೆ.
ಮೊದಲು ಗಾಳಿ ಕೆಮ್ಮುತ್ತದೆ, ಆಮೇಲೆ ಮರಳು,
ಆಮೇಲೆ ಶಾಂತಿಸಾಗರ, ಅಷ್ಟು ದೂರದಿಂದ ಬಂದದ್ದು
ಉಚ್ಚಂಗಮ್ಮನ ಗುಡಿ ಮಗ್ಗುಲಿಗೆ ಹೊರಳುತ್ತದೆ.
ಹೀಗೆ ಊರು ನನಗೆ ಕಿವಿಯಿಂದ ಪರಿಚಯ:
ಇದು ಹಿತ್ತಾಳೆ ಕೊಡ, ಇದು ಪ್ಲಾಸ್ಟಿಕ್ಕು,
ಇದು ಸಿಂಟೆಕ್ಸು, ತುಂಬುವ ತನಕ ತುಟಿ ಬಿಚ್ಚದು.

ಬೆಳಕು ಹರಿದಾಗ ಕಣ್ಣಿಗೂ ಸ್ವಲ್ಪ ಕೆಲಸ.
ಕೋಟೆ ಕಲ್ಲು ಇಲ್ಲಿ ಇಟ್ಟಿಗೆಯ ಜೊತೆ ಸಂಸಾರ ಹೂಡಿದೆ:
ಬೆಣೆ ಹೊಡೆದ ಗುರುತು, ಸಾಲು ಹಲ್ಲು,
ಅದರ ಮೇಲೆ ಎಲ್‌ಐಸಿ ಏಜೆಂಟನ ಬೋರ್ಡು.
ಬಳೆ ಅಂಗಡಿಯ ಮೆಟ್ಟಿಲಲ್ಲಿ ಅರ್ಧ ಮೀನು,
ಉಳಿದರ್ಧ ಸಿಮೆಂಟಿನೊಳಗೆ ಈಜುತ್ತಿದೆ.
ತಲೆ ಎತ್ತಿದರೆ ಬಂಡೆಗಳು, ಒಂದರ ಮೇಲೊಂದು ಕೂತು
ಕೆಲಸ ನೋಡುವ ಮೇಸ್ತ್ರಿಗಳು.
ಅಲ್ಲಿ ಮೇಲೆ ಅಕ್ಕನ ಹೊಂಡ ತುಂಬಿದರೆ ತಂಗಿಗೆ,
ತಂಗಿ ತುಂಬಿದರೆ ಸಿಹಿನೀರು ಹೊಂಡಕ್ಕೆ,
ಅಲ್ಲಿಂದ ಸಂತೆಹೊಂಡಕ್ಕೆ ಇಳಿಯುತ್ತಿತ್ತಂತೆ ಮಳೆ.
"ಅದಕ್ಕೆ ವಾಲ್ವೂ ಇಲ್ಲ, ಪಗಾರವೂ ಇಲ್ಲ"
ಅಂದು ದಾದಾಪೀರ್ ಚಹಾ ಸೋಸುವವನ ಕಡೆ ನಡೆದರು.

ಶುಕ್ರವಾರ ಅವರಿಗೆ ಶಾಲು, ಹಾರ, ಒಂದು ಗೋಡೆ ಗಡಿಯಾರ.
ಶನಿವಾರ ನಾನೊಬ್ಬನೇ.

ದೊಡ್ಡಪೇಟೆ. ಹತ್ತು, ಹನ್ನೊಂದು, ಹನ್ನೆರಡು.
ಆಫೀಸಿನ ನಕ್ಷೆಯಲ್ಲಿ ಅರ್ಧ ಅನ್ನುವುದಿಲ್ಲ.
ಮುಚ್ಚಳ ಮುಚ್ಚಿದೆ.

"ಯಾವನಪ್ಪ ಇವತ್ತು?"

ಬಾಗಿಲೇ ಇಲ್ಲದ ಕಡೆಯಿಂದ ದನಿ.
ಟೈಲರ್ ಅಂಗಡಿಗೂ ಕಲಾಯಿಯವನ ಅಂಗಡಿಗೂ ನಡುವೆ
ಮೂರು ತಿಂಗಳು ಗೋಡೆಯ ಬಿರುಕು ಅಂದುಕೊಂಡಿದ್ದೆ,
ಸಂದಿ.
ಹೆಗಲು ಓರೆ ಮಾಡಿದೆ. ಕೀಲಿ ಹೊರಗೇ ಉಳಿಯಿತು.
ಹದಿನೆಂಟು ಹೆಜ್ಜೆ; ಮೇಲೆ ಒಂದೆಳೆ ಆಕಾಶ,
ಅದಕ್ಕೂ ಯಾರೋ ಟವೆಲ್ಲು ಒಣಹಾಕಿದ್ದಾರೆ.
ಆಮೇಲೆ ಪೇಟೆ ತಟ್ಟನೆ ಉಸಿರು ಬಿಟ್ಟಿತು:
ಕೋಟೆಗೋಡೆಗೆ ಬೆನ್ನು ಕೊಟ್ಟ ಮೂರು ಮನೆ,
ಒಂದು ನುಗ್ಗೆಮರ, ನಡುವೆ ನಲ್ಲಿ.
ನಲ್ಲಿಯ ಮುಂದೆ ಹನ್ನೊಂದು ಕೊಡ,
ಎಲ್ಲವೂ ಬಾಯಿ ತೆರೆದು, ನನ್ನನ್ನೇ ನೋಡುತ್ತ.

"ಅರ್ಧ ಬಿಟ್ಟಿ ನೋಡು" ಅಂದಳು ಪಾಲಮ್ಮ,
ಸಿಟ್ಟಿಲ್ಲದೆ,
ಅಂಗಿಗುಂಡಿ ತಪ್ಪಿ ಹಾಕಿದವನಿಗೆ ಹೇಳುವ ಹಾಗೆ.
"ಮಲಗಿದಲ್ಲೇ ಎಣಿಸ್ತೀನಿ. ಕಿರ್ ಅಂತೈತಲ್ಲ, ನಿನ್ ಕೀಲಿ.
ದಾದಾಪೀರಂಗೆ ಹುಷಾರಿಲ್ವಾ?"

ಮೂವತ್ತೊಂದು ವರ್ಷ ಒಂದು ದಿನವೂ ತಪ್ಪದ ದಾದಾಪೀರ್
ಈ ಅಂಗಳ ನೋಡಿರಲಾರರು.

ಓರೆಯಾಗಿಯೇ ಹೊರಬಂದೆ.
ಮುಚ್ಚಳ ತೆಗೆದೆ. ಕಪ್ಪೆ ಜರುಗಿತು.
ಅರ್ಧ ಸುತ್ತು. ಕಿರ್.
ಸರಳು ಕಿವಿಗಿಟ್ಟೆ: ಗಾಳಿ, ಮರಳು,
ಬಹಳ ಹೊತ್ತು ಏನೂ ಇಲ್ಲ, ಆಮೇಲೆ
ಹಿತ್ತಾಳೆ.
ತಳದಲ್ಲಿ ತಗ್ಗು ಬಿದ್ದದ್ದು.